ಅಡಗಿಸಿಟ್ಟ ಸಾಲುಗಳು

ನಗ್ಲಾ ಎದ್ದು ಬಿಟ್ಟುಕೊಟ್ಟ ಕುರ್ಚಿ ಇನ್ನೂ ಬೆಚ್ಚಗಿತ್ತು. ವಗ್ದಿಗೆ ಹೇಸಿಗೆಯಾಯಿತು. ಬೇರೆಯವರ ಮೈಬಿಸಿಯ ಮೇಲೆ ಕೂರುವುದು ಮೈಕ್ರೊಬಸ್ಸಿನಲ್ಲಿ ದಿನಾ ಇದ್ದದ್ದೇ, ಅಲ್ಲಿ ಏನೂ ಅನ್ನಿಸುವುದಿಲ್ಲ. ಇಲ್ಲಿ ಅನ್ನಿಸಿತು. ಅವಳು ದೂರ ಹೋಗಲಿಲ್ಲ. ಮೇಜಿನ ಮೂಲೆಗೆ ಸೊಂಟ ಆನಿಸಿ, ಕೈಕಟ್ಟಿ ನಿಂತು, ಪರದೆಯನ್ನು ಬಿಟ್ಟು ಅವನ ಕೈಯನ್ನೇ ನೋಡುತ್ತಿದ್ದಳು. ಕಂಪ್ಯೂಟರಿನ ಪರದೆಯ ಮೇಲೆ ಕೆಲಸಗಳ ಪಟ್ಟಿಯ ಶೀಟು ತೆರೆದಿತ್ತು. ಮೇಲಿನ ಪಟ್ಟಿಯಲ್ಲಿ ಟ್ರ್ಯಾಕರಿನ ಗುಂಡಿಗಳು ಇರುತ್ತಿದ್ದ ಜಾಗ ಹಲ್ಲು ಬಿದ್ದ ವಸಡಿನ ಹಾಗೆ ಖಾಲಿ. ಆ ಗುಂಡಿಗಳು ಶೀಟಿಗೆ ಹೊರಗಿನಿಂದ ಜೋಡಿಸುವ ಸಣ್ಣ ತಂತ್ರಾಂಶ, ಆಡ್-ಇನ್‌ನವು. ಶೀಟಿನಲ್ಲಿ ಯಾವ ಕೆಲಸ ಮುಗಿದಿದೆ, ಯಾವುದು ಬಾಕಿ ಎಂದು ತುಂಬಿ, 'ಪಬ್ಲಿಷ್' ಒತ್ತಿದರೆ ಅಷ್ಟೂ ಸಾಲು ಟ್ರ್ಯಾಕರಿಗೆ ಹೋಗಿ ಕೂರುತ್ತದೆ. ಈ ಕಚೇರಿ ಫಯೂಮಿನಲ್ಲಿ ಹಾಕಿಸುತ್ತಿದ್ದ ಕುಡಿಯುವ ನೀರಿನ ಪೈಪಿಗೆ ಹಣ ಕೊಟ್ಟವರು ಸಮುದ್ರದಾಚೆ ಎಲ್ಲೋ ಕೂತು ಅದನ್ನು ನೋಡುತ್ತಾರೆ. ಆಡ್-ಇನ್ ಇಲ್ಲದಿದ್ದರೆ ಶೀಟು ಬರೀ ಶೀಟು, ಯಾರ ಕಣ್ಣಿಗೂ ಬೀಳದ ಚೌಕಗಳು.

"ಏನ್ ಮಾಡ್ದೆ ಇದಕ್ಕೆ?" ಎಂದ.

"ಏನೂ ಮಾಡ್ಲಿಲ್ಲ. ಬೆಳಗ್ಗೆ ಯಾವ ಸಾಲು ಯಾವಾಗ ಬದಲಾಯ್ತು ಅನ್ನೋ ಹಿಸ್ಟರಿ ತೆಗೆಯೋಕ್ ಹೋದೆ, ಎಲ್ಲಾ ಸಾಲಿಂದೂ ಒಟ್ಟಿಗೆ. ಶೀಟು ಹಾಗೇ ನಿಂತೋಯ್ತು. ಮುಚ್ಚಿ ತೆರೆದ್ರೆ ಗುಂಡಿಗಳೇ ಇಲ್ಲ."

"ಎಲ್ಲಾ ಸಾಲಿಂದೂ ಒಟ್ಟಿಗೆ ತೆಗೆದ್ರೆ ಸಾಯದೆ ಏನ್ ಮಾಡತ್ತೆ? ಯಾಕ್ ಬೇಕಿತ್ತು ಹಿಸ್ಟರಿ?"

"ಯಾಕ್ ಬೇಕಿತ್ತು ಅಂತ ನಿಮಗೆ ಗೊತ್ತಿಲ್ವಾ, ಉಸ್ತಾಜ್ ವಗ್ದಿ?"

ಉಸ್ತಾಜ್. ಈ ಕಚೇರಿಯಲ್ಲಿ ಎಂಜಿನಿಯರುಗಳೆಲ್ಲ ಬಾಶ್‌ಮುಹಂದಿಸ್. ವಾಣಿಜ್ಯದ ಡಿಪ್ಲೊಮಾ ಮಾಡಿ, ನಕ್ಷೆಗಳ ಲೆಕ್ಕ ಇಡುತ್ತ, ಕಂಪ್ಯೂಟರು ಕೆಟ್ಟರೆ ನೋಡುತ್ತಿದ್ದ ವಗ್ದಿ ಒಬ್ಬನೇ ಉಸ್ತಾಜ್, ಬರೀ 'ಮಿಸ್ಟರ್' ಎಂದ ಹಾಗೆ. ಕೆಳಗಿನ ಔಷಧಿ ಅಂಗಡಿಯವನು, ಕಾರು ನಿಲ್ಲಿಸುವ ಜಾಗದವನು, ದುಕ್ಕಿ ಬಡಾವಣೆಯ ಆ ಬೀದಿಯಲ್ಲಿ ಯಾರೇ ಆಗಲಿ ಅಂಗಿಯ ಜೇಬಿನಲ್ಲಿ ಪೆನ್ನಿದ್ದವರನ್ನೆಲ್ಲ ಬಾಶ್‌ಮುಹಂದಿಸ್ ಎಂದೇ ಕರೆಯುತ್ತಿದ್ದರು. ಹಾಗಾಗಿ ಬೀದಿಯಲ್ಲಿ ಅವನಿಗಿದ್ದ ಮರ್ಯಾದೆ ನಾಲ್ಕನೇ ಮಹಡಿಗೆ ಹತ್ತುವಷ್ಟರಲ್ಲಿ ಕಳಚಿ ಬೀಳುತ್ತಿತ್ತು. ಈ ನಗ್ಲಾ ಬಂದು ಇನ್ನೂ ವರ್ಷವಾಗಿರಲಿಲ್ಲ, ಕೆಲಸ ಖಾಯಂ ಆಗಿರಲಿಲ್ಲ, ಅವಳೂ ಮೊದಲ ದಿನದಿಂದ ಉಸ್ತಾಜ್ ಎಂದೇ ಕರೆದಳು. ಯಾರೋ ಹೇಳಿಕೊಟ್ಟಿರಬೇಕು. ಹೇಳಿಕೊಡದೆಯೇ ಗೊತ್ತಾಗಿದ್ದರೆ ಅದು ಇನ್ನೂ ಕೆಟ್ಟದ್ದು.

ರಂಜಾನಿನ ಮೂರನೇ ವಾರ. ಮಧ್ಯಾಹ್ನ ದಾಟಿದ ಮೇಲೆ ಯಾರೂ ಯಾರಿಗೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ, ಬಾಯಿಯ ವಾಸನೆಗೆ ಹೆದರಿ. ಚಹಾ ಮಾಡುವ ಅಮ್ಮ್ ಬಯೂಮಿಗೆ, ಎಂದರೆ ಬಯೂಮಿ ಚಿಕ್ಕಪ್ಪನಿಗೆ, ಈ ತಿಂಗಳು ಕೆಲಸವಿಲ್ಲ. ಅಡಿಗೆಕೋಣೆಯ ಬಾಗಿಲಲ್ಲಿ ಸ್ಟೂಲು ಹಾಕಿ, ಕಾಲು ಚಾಚಿ ಕೂತು, ಓಡಾಡುವವರೆಲ್ಲ ತನ್ನ ಕಾಲು ದಾಟಿಕೊಂಡು ಹೋಗುವ ಹಾಗೆ ಮಾಡಿಕೊಂಡಿದ್ದ. ಗಾಜಿನ ಕೋಣೆಯಲ್ಲಿ ಮ್ಯಾನೇಜರ್ ಮಮ್ದೂಹ್ ಜಪಮಣಿ ತಿರುಗಿಸುತ್ತ ಫೋನಿನಲ್ಲಿ ಮಾತಾಡುತ್ತಿದ್ದ. ಅವನ ತುಟಿ ಕಾಣುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಹಣ ಕೊಟ್ಟವರ ಜೊತೆ ಕರೆ ಇರುವುದು ಕಚೇರಿ ಬಿಡುವುದಕ್ಕೆ ಸ್ವಲ್ಪ ಮುಂಚೆ. ಅಷ್ಟರೊಳಗೆ ಆಡ್-ಇನ್ ಬರಬೇಕು, ಗುರುವಾರ ತಪ್ಪಾಗಿ 'ಮುಗಿದಿದೆ' ಎಂದಾದ ಪೈಪಿನ ಸಾಲುಗಳೆಲ್ಲ ಮತ್ತೆ 'ಬಾಕಿ' ಆಗಬೇಕು, ಅವರು ನೋಡುವಾಗ ಅದು ಹಾಗಿರಬೇಕು. ಅಷ್ಟೇ ಕೆಲಸ.

ಗುಂಡಿಗಳು ಹೋದ ಕಾರಣ ವಗ್ದಿಗೆ ಕೂತ ತಕ್ಷಣವೇ ಸಿಕ್ಕಿತ್ತು. ಒಳಗೇನಾದರೂ ಕುಸಿದು ಬಿದ್ದರೆ, ಬೀಳಿಸಿದವರು ಯಾರೆಂದು ಶೀಟು ನೋಡುತ್ತದೆ. ಆಡ್-ಇನ್ ಎಂದು ಅನುಮಾನ ಬಂದರೆ ಸದ್ದಿಲ್ಲದೆ ಅದನ್ನು ಹೊರಹಾಕಿ, ಸೆಟ್ಟಿಂಗಿನ ಒಳಗಿನ ಇನ್ನೊಂದು ಸೆಟ್ಟಿಂಗಿನ ತಳದಲ್ಲಿ, ನಿಲ್ಲಿಸಲಾದವುಗಳ ಪಟ್ಟಿಯಲ್ಲಿ ಅದರ ಹೆಸರು ಬರೆದಿಡುತ್ತದೆ. ಯಾರಿಗೂ ಹೇಳುವುದಿಲ್ಲ. ಮಾಮೂಲಿ ಪಟ್ಟಿಯಲ್ಲಿ ಹುಡುಕಿದವನಿಗೆ ಅದು ಸಿಗುವುದಿಲ್ಲ. ವಗ್ದಿ ಆ ತಳದ ಪಟ್ಟಿ ತೆರೆದಿದ್ದ. ಹೆಸರು ಅಲ್ಲೇ ಇತ್ತು. ಅದನ್ನು ಆರಿಸಿ ಒಮ್ಮೆ ಒತ್ತಿದ್ದರೆ ಮುಗಿಯುತ್ತಿತ್ತು. ಆದರೆ ಅವನು ಪಟ್ಟಿ ಮುಚ್ಚಿ, ಕಂಪ್ಯೂಟರನ್ನು ನಿಲ್ಲಿಸಿ ಮತ್ತೆ ಹಚ್ಚಿದ. ಅದು ಏಳುವ ತನಕ ಬೆರಳಿನಿಂದ ಮೇಜು ಕುಟ್ಟಿದ. ಎದ್ದ ಮೇಲೆ ನೆಟ್‌ವರ್ಕಿನ ವೈರು ಎಳೆದು ನೋಡಿದ. ಗೋಡೆಯ ಕಡೆ ಬಗ್ಗಿ ಅದನ್ನು ಕಿತ್ತು ಊದಿ ಮತ್ತೆ ಚುಚ್ಚಿದ. ಹೀಗೆ ಬಹಳ ಹೊತ್ತಿನಿಂದ ಅವನು ಕೆಟ್ಟಿರುವುದನ್ನು ಕೆಟ್ಟ ಹಾಗೆಯೇ ಕಾಪಾಡುತ್ತಿದ್ದ. ಆಡ್-ಇನ್ ಬಂದರೆ ಹಿಸ್ಟರಿ ಬರುತ್ತದೆ. ಹಿಸ್ಟರಿ ಬಂದರೆ, ಪೈಪಿನ ಸಾಲುಗಳು 'ಮುಗಿದಿದೆ' ಎಂದಾದ ಅದೇ ನಿಮಿಷದಲ್ಲಿ, ಅದೇ ಏಟಿಗೆ, ಉಸ್ತಾಜ್ ವಗ್ದಿಯ ನಕ್ಷೆಗಳ ಸಾಲೂ ಮುಗಿದದ್ದು ಕಾಣುತ್ತದೆ.

ಟ್ರ್ಯಾಕರಿಗೆ ಕಚೇರಿಯಲ್ಲಿ ಎಲ್ಲರಿಗೂ ಇದ್ದದ್ದು ಒಂದೇ ಲಾಗಿನ್, ನಗ್ಲಾಳದ್ದು. ಒಂದಕ್ಕಿಂತ ಹೆಚ್ಚು ಕೊಂಡರೆ ದುಡ್ಡು ದಂಡ ಎಂದು ಮಮ್ದೂಹ್ ಲೆಕ್ಕ ಹಾಕಿದ್ದ. ಹಾಗಾಗಿ ಕೆಲಸ ಮುಗಿಸಿದವರೆಲ್ಲ ಸಂಜೆ ಅವಳ ಮೇಜಿನ ಸುತ್ತ ಬ್ರೆಡ್ಡಿನ ಅಂಗಡಿಯ ಮುಂದೆ ನಿಂತ ಹಾಗೆ ನಿಲ್ಲುತ್ತಿದ್ದರು. ಏಳು ನಗ್ಲಾ, ಕೂರ್ತೀನಿ, ಎರಡೇ ನಿಮಿಷ. ಅವಳು ಎದ್ದು ಕಿಟಕಿಯ ಹತ್ತಿರ ನಿಲ್ಲುತ್ತಿದ್ದಳು. ಒಬ್ಬರಾದ ಮೇಲೆ ಒಬ್ಬರು ಅವಳಾಗಿ ಕೂತು, ಅವಳಾಗಿ ಒತ್ತಿ ಎದ್ದು ಹೋಗುತ್ತಿದ್ದರು. ಗುರುವಾರವೂ ಹಾಗೇ. ರಂಜಾನಿನಲ್ಲಿ ಸಂಜೆಯಿಲ್ಲ, ಮೂರೂವರೆ ದಾಟಿದರೆ ಸೇತುವೆ ಹತ್ತುವುದು ಕಷ್ಟ. ಇಡೀ ಊರು ಒಟ್ಟಿಗೆ ಮನೆಗೆ ಓಡುತ್ತದೆ, ಬಾಂಗಿನ ಹೊತ್ತಿಗೆ ಅರ್ಧ ಊರು ಹಾರ್ನಿನ ಮೇಲೆ ಕೈಯಿಟ್ಟು ದಾರಿಯಲ್ಲೇ ಖರ್ಜೂರ ಬಾಯಿಗೆ ಹಾಕಿಕೊಳ್ಳುತ್ತದೆ. ವಗ್ದಿ ಸರದಿಯಲ್ಲಿ ಕಡೆಯವನು. ಆ ದಿನ ಕಾರಿನಲ್ಲಿ ಕರೆದೊಯ್ಯಲು ಒಪ್ಪಿದ್ದ ಸಹೋದ್ಯೋಗಿ ಹೈಥಮ್ ಬಾಗಿಲಲ್ಲಿ ನಿಂತು ಕೀ ಆಡಿಸುತ್ತ, ಉಸ್ತಾಜ್, ನೀವ್ ಬರೋದಾದ್ರೆ ಬನ್ನಿ, ಇಲ್ಲಾಂದ್ರೆ ನಾನ್ ಹೊರಟೆ, ಎನ್ನುತ್ತಿದ್ದ. ವಗ್ದಿಯ ನಕ್ಷೆಗಳ ನಡುವೆ ಬೇರೆಯವರ ಸಾಲುಗಳು ಅಡ್ಡ ಬರುತ್ತಿದ್ದವು. ವಗ್ದಿ ಅವನ್ನು ಅಡಗಿಸಿದ. ಪರದೆಯಲ್ಲಿ ತನ್ನವಷ್ಟೇ ಉಳಿದವು. ಮೇಲಿನ ಚೌಕದಲ್ಲಿ 'ಮುಗಿದಿದೆ' ಎಂದು ಬರೆದು ಮೂಲೆ ಹಿಡಿದು ಕೆಳಗಿನ ತನಕ ಎಳೆದ. ಕಣ್ಣಿಗೆ ಕಾಣದ್ದು ಇಲ್ಲವೇ ಇಲ್ಲ ಎಂದು ಕೈ ನಂಬಿತ್ತು. ಎಳೆದದ್ದು ಅಡಗಿದ ಸಾಲುಗಳ ಮೇಲೂ ಹಾದುಹೋಯಿತು. ಪಬ್ಲಿಷ್ ಒತ್ತಿದ. ಹಸಿರು ಪಟ್ಟಿ ಓಡಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಓಡಿತು. ಕೆಳಗೆ ಇಷ್ಟು ಸಾಲು ಬದಲಾದವು ಎಂದು ಒಂದು ಸಂಖ್ಯೆ ಬಂತು. ಅವನ ನಕ್ಷೆಗಳಿಗಿಂತ ಬಹಳ ದೊಡ್ಡದು.

ಅದನ್ನು ಅವನು ನೋಡಿದ್ದ. ಈ ನಾಲ್ಕೈದು ದಿನ ನೋಡಲಿಲ್ಲ ಎಂದು ತನಗೆ ತಾನೇ ಬೇಕಾದಷ್ಟು ಸಲ ಹೇಳಿಕೊಂಡಿದ್ದ. ಹೇಳಿಕೊಂಡಷ್ಟೂ ಆ ಸಂಖ್ಯೆ ಸ್ಪಷ್ಟವಾಗುತ್ತಿತ್ತು. ನೋಡಿ, ಏನೋ ಇರಬೇಕು ಅಂದುಕೊಂಡು, ಎದ್ದು ಹೈಥಮನ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದ. ಕಾರಿನಲ್ಲಿ ಹೈಥಮನ ತಾಯಿಗೆಂದು ಕೊಂಡ ಕತಾಯಿಫಿನ ಪೊಟ್ಟಣ ತೊಡೆಯ ಮೇಲೆ ಬಿಸಿಯಾಗಿತ್ತು. ಹಸಿದವನ ತೊಡೆಯ ಮೇಲೆ ಬೇರೆಯವರ ಸಿಹಿ. ಹೈಥಮ್ ಕನ್ನಡಿಯಲ್ಲಿ ನೋಡಿ, "ತಿಂದುಬಿಟ್ಟೀರ ಉಸ್ತಾಜ್, ಅಲ್ಲಾ ನೋಡ್ತಿದ್ದಾನೆ," ಎಂದು ನಕ್ಕಿದ್ದ. ಅಡಗಿದ ಸಾಲುಗಳು ಪೈಪಿನ ಸೋರಿಕೆ ಪರೀಕ್ಷೆಯವು. ಪರೀಕ್ಷೆ ಆಗಿದೆ ಎಂದು ಟ್ರ್ಯಾಕರ್ ಹೇಳಿತು. ಗುತ್ತಿಗೆದಾರ ಶನಿವಾರ ಜನ ಕರೆಸಿ ಪೈಪಿನ ಮೇಲೆ ಮಣ್ಣು ಮುಚ್ಚಿಸಿದ. ಪರೀಕ್ಷೆಯೇ ನಡೆದಿಲ್ಲವೆಂದು ಆಮೇಲೆ ಗೊತ್ತಾಯಿತು.

"ಉಸ್ತಾಜ್, ಇಲ್ನೋಡಿ." ಹೈಥಮ್ ಈಗ ಅವನ ಹೆಗಲ ಮೇಲಿಂದ ಫೋನು ಚಾಚುತ್ತಿದ್ದ. "ಸೈಟಿಂದ ಕಳಿಸಿದಾರೆ. ನಮ್ ನಗ್ಲಾಗೆ ಎಲ್ಲಾ ಸೇರಿ ದುವಾ ಮಾಡ್ತಿದಾರೆ."

ವಿಡಿಯೋದಲ್ಲಿ ಬಿಸಿಲು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ತಲೆಗೆ ಬಟ್ಟೆ ಸುತ್ತಿದ ಜನ ತಾವೇ ತುಂಬಿದ ಮಣ್ಣನ್ನು ತಾವೇ ಮೇಲೆತ್ತುತ್ತಿದ್ದರು. ಒಬ್ಬ ಗುದ್ದಲಿ ಊರಿ ನಿಂತು, ಒಣಗಿದ ತುಟಿ ಸವರಿಕೊಂಡು, ನೇರ ಕ್ಯಾಮೆರಾಕ್ಕೇ ಹೇಳಿದ: "ಯಾವನು ಮುಗೀತು ಅಂತ ಬರೆದನೋ ಅವನ ಕೈ ಸೇದೋಗ್ಲಿ. ಉಪವಾಸದ ಬಾಯಲ್ಲಿ ಹೇಳ್ತಿದೀನಿ." ಹಿಂದಿನಿಂದ ಯಾರೋ ನಕ್ಕರು.

"ಬರೆದವಳು," ಎಂದ ಹೈಥಮ್. "ಪಾಪ, ಅವನಿಗ್ ಗೊತ್ತಿಲ್ಲ."

ನಗ್ಲಾ ಅವನತ್ತ ತಿರುಗಲಿಲ್ಲ. "ಗಂಡಸ್ ಅಂತಲೇ ಹೇಳಿದಾನಲ್ಲ. ಸರಿಯಾಗೇ ಹೇಳಿದಾನೆ," ಎಂದಳು, ವಗ್ದಿಯ ಕೈ ನೋಡುತ್ತಲೇ. ವಗ್ದಿ ಮೌಸಿನ ಮೇಲಿದ್ದ ಕೈಯನ್ನು ತೆಗೆದರೆ ಗೊತ್ತಾಗುತ್ತದೆ ಎಂದು ತೆಗೆಯಲಿಲ್ಲ. ತೆಗೆಯದಿದ್ದರೂ ಗೊತ್ತಾಗುತ್ತದೆ ಅನ್ನಿಸಿತು. ಇವಳನ್ನು ಅವನು ದ್ವೇಷಿಸುತ್ತಿದ್ದ. ಅವಳು ಏನೂ ಮಾಡಿರಲಿಲ್ಲ, ಅದೇ ಅವನಿಗೆ ಸಹಿಸಲಾಗದ್ದು. ಒಮ್ಮೆಯಾದರೂ ತಪ್ಪು ಮಾಡಿದ್ದಿದ್ದರೆ, ಒಂದು ಸಲ ತಡವಾಗಿ ಬಂದಿದ್ದರೆ, ಅವನ ನಿದ್ದೆ ಇಷ್ಟು ಕೆಡುತ್ತಿರಲಿಲ್ಲ. ಕಪ್ಪು ಗುಂಡುಪಿನ್ನು ಚುಚ್ಚಿದ ಆ ಬೂದು ಹಿಜಾಬು, ಮೇಜಿನ ಕೆಳಗೆ ಜೋಡಿಸಿಟ್ಟ ಮನೆಚಪ್ಪಲಿ, ಪಬ್ಲಿಷ್ ಮಾಡಿ ಎದ್ದವರು ಬಿಟ್ಟುಹೋದ ಕಾಗದದ ಚೂರುಗಳನ್ನು ಎತ್ತಿ ಅವಳು ಬುಟ್ಟಿಗೆ ಹಾಕುತ್ತಿದ್ದ ರೀತಿ, ಎಲ್ಲವೂ ಅವನ ವಿರುದ್ಧವೇ ಮಾಡಿದ ಹಾಗಿತ್ತು.

"ಇನ್ನೂ ಎಷ್ಟ್ ಹೊತ್ತು?" ಎಂದಳು.

"ಗೊತ್ತಿಲ್ಲ. ಆಡ್-ಇನ್ ತೆಗೆದು ಮತ್ತೆ ಹಾಕ್ಬೇಕಾಗಬಹುದು."

"ಆ ಕೆಳಗಿನ ಪಟ್ಟಿ ಇನ್ನೊಂದ್ಸಲ ತೆರೀರಿ."

"ಯಾವ ಪಟ್ಟಿ?"

"ಮೊದಲು ತೆರೆದು ಮುಚ್ಚಿದ್ರಲ್ಲ, ಅದು."

ಅವನ ಕಿವಿ ಬಿಸಿಯಾಯಿತು. "ನಿನಗೆ ಅಷ್ಟೆಲ್ಲ ಗೊತ್ತಿದ್ರೆ ನೀನೇ ಕೂತ್ಕೋ." ಅವಳು ಕೂರುತ್ತೇನೆ ಎಂದು ಮುಂದೆ ಬಂದಿದ್ದರೆ ಏನು ಮಾಡುತ್ತಿದ್ದನೋ. ಅಷ್ಟರಲ್ಲಿ ಗಾಜಿನ ಮೇಲೆ ಉಂಗುರದ ಸದ್ದಾಯಿತು. ಮಮ್ದೂಹ್ ಬೆರಳು ಮಡಚಿ ನಗ್ಲಾಳನ್ನು ಕರೆದ. ಅವಳು ಹಿಜಾಬಿನ ಅಂಚು ಸರಿಮಾಡಿಕೊಂಡು, ಅಮ್ಮ್ ಬಯೂಮಿಯ ಕಾಲು ದಾಟಿ ಹೋದಳು. ಬಾಗಿಲು ಮುಚ್ಚಿತು. ಮಮ್ದೂಹ್ ಕೂರು ಎಂದು ಕೈ ತೋರಿದ, ಅವಳು ಕೂರಲಿಲ್ಲ. ಮಮ್ದೂಹನ ಮುಖ ಸಂತಾಪ ಹೇಳಲು ಬಂದವರ ಮುಖದ ಹಾಗೆ ಮೆತ್ತಗಿತ್ತು. ಅವಳು ಒಂದು ಸಲ ಏನೋ ಹೇಳಿ, ಕೈಯೆತ್ತಿ ಗಾಜಿನ ಈಚೆಗೆ, ವಗ್ದಿ ಕೂತ ಕಡೆಗೆ ತೋರಿಸಿದಳು. ವಗ್ದಿ ತಕ್ಷಣ ಪರದೆ ನೋಡಿದ. ಪರದೆಯಲ್ಲಿ ತನ್ನ ಮುಖದ ಮಸುಕು ಮಾತ್ರ ಇತ್ತು. ಈಗ ಕರೆಯುತ್ತಾರೆ, ಈಗ. ಶಾಲೆಯಲ್ಲಿ ಒಮ್ಮೆ ಸೀಮೆಸುಣ್ಣ ಕದ್ದವರು ಎದ್ದು ನಿಲ್ಲಿ ಎಂದಾಗ ಎದ್ದು ನಿಂತವನು ಬೇರೆ ಯಾರೋ. ಆ ಹುಡುಗನ ಹೆಸರೂ ನೆನಪಿಲ್ಲ, ಎದ್ದು ನಿಂತಾಗ ಅವನ ಚಡ್ಡಿಯ ಹಿಂದೆ ಹೊಲಿಗೆ ಬಿಟ್ಟದ್ದು ಕಂಡಿತ್ತು, ಎಲ್ಲರೂ ಅದಕ್ಕೇ ನಕ್ಕಿದ್ದರು. ವಗ್ದಿಯೂ ನಕ್ಕಿದ್ದ.

ಯಾರೂ ಕರೆಯಲಿಲ್ಲ. ನಗ್ಲಾ ಹೊರಗೆ ಬಂದು, ಮೇಜಿನ ಕೆಳಗೆ ಬಗ್ಗಿ ಮನೆಚಪ್ಪಲಿ ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದಳು. ಅವನ ಮೊಣಕಾಲು ಅಡ್ಡವಿತ್ತು. ಸರಿಸಿ ಎನ್ನಲಿಲ್ಲ, ಸುತ್ತಿ ಬಂದು ಆ ಕಡೆಯಿಂದ ತೆಗೆದಳು. ಗೋಡೆಯಿಂದ ಚಾರ್ಜರ್ ಕಿತ್ತಳು. ಮಡಚಿಟ್ಟಿದ್ದ ನಮಾಜಿನ ಬಟ್ಟೆ, ಒಂದು ಕೈಕ್ರೀಮು, ಅಷ್ಟೇ. ಹೈಥಮ್ ಫೋನಿನಲ್ಲಿ ಮುಳುಗಿದವನ ಹಾಗೆ ಮಾಡಿದ. "ಏನಂತೆ ಮಗಳೆ?" ಎಂದ ಅಮ್ಮ್ ಬಯೂಮಿ.

"ಹಬ್ಬ ಆದಮೇಲೆ ಬರೋದ್ ಬೇಡ್ವಂತೆ. ಹಬ್ಬದ ತನಕಾನೂ ಬೇಡ್ವಂತೆ."

"ಉಪವಾಸದ ತಿಂಗಳಲ್ಲಾ?"

"ಆ ತಿಂಗಳಾಗಿದ್ದಕ್ಕೇ ಮೆತ್ತಗೆ ಹೇಳಿದ್ರು." ಅವಳು ಅವನ ಚಾಚಿದ ಕಾಲು ದಾಟಿದಳು. ಈ ಸಲ ಅವನು ಕಾಲು ಮಡಚಿಕೊಂಡ, ತಡವಾಗಿ.

ಮೆಟ್ಟಿಲಲ್ಲಿ ಅವಳ ಹೆಜ್ಜೆಯ ಸದ್ದು ನಿಂತ ಮೇಲೆ ವಗ್ದಿ ಎದ್ದ. ಕಾಲಿಗೆ ಯಾರೋ ಹೇಳಿದ ಹಾಗಿತ್ತು, ತಲೆ ಹಿಂದಿನಿಂದ ಬರುತ್ತಿತ್ತು. ಹೇಳಿಬಿಡುತ್ತೇನೆ. ಕೆಲಸ ಹೋದರೆ ಹೋಗಲಿ. ಫೈಸಲ್ ಬೀದಿಯ ತನ್ನ ಮನೆ, ಬಾಗಿಲು ತೆಗೆದ ಕೂಡಲೆ ಮುಖ ನೋಡಿ ಲೆಕ್ಕ ಹಾಕುವ ಹೆಂಡತಿ, ಹೋಗಲಿ. ಗಾಜಿನ ಬಾಗಿಲಿಗೆ ಕೈಯಿಡುವಾಗ ಅವನಿಗೆ ಒಂದು ವಿಚಿತ್ರ ಹಿಗ್ಗಾಯಿತು. ಬೈಯುತ್ತಾನೆ, ಎಲ್ಲರಿಗೂ ಕೇಳುವ ಹಾಗೆ ಕಿರುಚುತ್ತಾನೆ. ಕಿರುಚಲಿ. ತಾನು ಆಗ ತಲೆಯೆತ್ತಿ ನಿಂತಿರುತ್ತೇನೆ. ಆ ನಿಂತ ಭಂಗಿಯನ್ನೂ ಅವನು ಕಂಡುಕೊಂಡಿದ್ದ.

"ಬಾ ಉಸ್ತಾಜ್. ಆಡ್-ಇನ್ ಬಂತಾ?" ಎಂದ ಮಮ್ದೂಹ್.

"ಇಲ್ಲ. ಒಂದ್ ಮಾತ್ ಹೇಳ್ಬೇಕಿತ್ತು, ಬಾಶ್‌ಮುಹಂದಿಸ್. ಗುರುವಾರ ಕಡೇಲಿ ಆ ಕುರ್ಚೀಲಿ ಕೂತಿದ್ದು…"

"ನೀನು." ಮಮ್ದೂಹ್ ಜಪಮಣಿಯನ್ನು ಇನ್ನೊಂದು ಕೈಗೆ ಬದಲಾಯಿಸಿದ. "ಗೊತ್ತು. ಹಣ ಕೊಟ್ಟವರು ಯಾರ್ ಮಾಡಿದ್ದು ಅಂತ ಕೇಳಿ ಬರೆದ ಪತ್ರದ ಜೊತೆ ಹಿಸ್ಟರಿನೂ ಕಳಿಸಿದಾರೆ. ಪೈಪಿನ ಸಾಲಿನ ಮಧ್ಯೆ ನಿನ್ ನಕ್ಷೆಗಳು ಕೂತಿವೆ. ಸಾಲು ಅಡಗಿಸಿ ಎಳೆದೆಯಾ?"

"ಹೌದು."

"ಎಲ್ರೂ ಮಾಡೋ ತಪ್ಪೇ. ಕೂತ್ಕೋ, ಯಾಕ್ ನಿಂತಿದೀಯ. ನೋಡು, ಪ್ರತಿಯೊಬ್ರಿಗೂ ಬೇರೆ ಲಾಗಿನ್ ಇದೆ ಅಂತ ನಾವ್ ಕರಾರಲ್ಲಿ ಬರೆದುಕೊಟ್ಟಿದೀವಿ. ಈಗ ನಿನ್ ಹೆಸರು ಹೇಳಿದ್ರೆ ಅವರು ಮೊದಲು ಏನ್ ಕೇಳ್ತಾರೆ? ಈ ವಗ್ದಿ ಅನ್ನೋನು ನಗ್ಲಾ ಹೇಗಾದ ಅಂತ. ಅವರಿಗ್ ಒಂದ್ ಹೆಸರು ಬೇಕು. ಅಲ್ಲಿ ಒಂದ್ ಹೆಸರು ಆಗ್ಲೇ ಇದೆ. ಹುಡುಕೋ ಕೆಲಸ ಉಳೀತು."

"ಆದ್ರೆ ಅವಳು…"

"ಅವಳು ಹುಡುಗಿ. ನಾಳೆ ಮದುವೆ ಅಂತ ಹೇಗಿದ್ರೂ ಬಿಡ್ತಿದ್ಳು. ನೀನ್ ಹೋದ್ರೆ ಈ ಯಂತ್ರಗಳನ್ನ ಯಾರು ನೋಡ್ತಾರೆ? ಹೈಥಮ್ಮಾ?" ಅವನು ನಕ್ಕ. ಮುಂದೆ ಬಗ್ಗಿ ವಗ್ದಿಯ ಮಂಡಿ ತಟ್ಟಿದ. ಸುಗಂಧದೆಣ್ಣೆಯ ಕೆಳಗೆ ಅವನ ಬಾಯಿಯ ಹಸಿವಿನ ವಾಸನೆ ಬಂತು. "ಉಪವಾಸ ಇಟ್ಕೊಂಡು ನಿಜ ಹೇಳಿದೀಯ. ಪುಣ್ಯ ನಿನಗೆ. ಈಗ ಹೋಗಿ ಅದನ್ನ ಸರಿಮಾಡು."

ವಗ್ದಿ ಹೊರಗೆ ಬಂದ. ತಾನು ಒಪ್ಪಿಕೊಂಡದ್ದನ್ನು, ಕಟ್ಟಿದ ಪೊಟ್ಟಣದ ಹಾಗೆ, ಬಿಚ್ಚಿ ಕೂಡ ನೋಡದೆ ವಾಪಸು ಕೈಗಿಟ್ಟಿದ್ದರು. ಕಿರುಚಿದ್ದರೆ, ಕೆನ್ನೆಗೆ ಹೊಡೆದಿದ್ದರೂ, ಏನೋ ಒಂದು ತನ್ನದಾಗಿ ಉಳಿಯುತ್ತಿತ್ತು. ಮಂಡಿಯ ಮೇಲೆ ಆ ಕೈ ತಟ್ಟಿದ ಜಾಗ ಪ್ಯಾಂಟಿನೊಳಗೆ ಬೇರೆಯಾಗಿ ಗೊತ್ತಾಗುತ್ತಿತ್ತು. ನಡೆದು ಬರುವಾಗ ಹೈಥಮ್, "ಬೈದ್ರಾ?" ಎಂದು ಆಸೆಯಿಂದ ಕೇಳಿದ. ವಗ್ದಿ ಕೂತು, ತಳದ ಪಟ್ಟಿ ತೆರೆದು, ಹೆಸರು ಆರಿಸಿ ಒತ್ತಿದ. ಶೀಟು ಮುಚ್ಚಿ ತೆರೆದ. ಗುಂಡಿಗಳು ಬಂದು ಕೂತವು, ಏನೂ ಆಗಿಲ್ಲದವರ ಹಾಗೆ. ಟ್ರ್ಯಾಕರಿಗೆ ಸೇರಿಸಲು ಒತ್ತಿದ. ಚಿಕ್ಕದೊಂದು ಚೌಕ ತೆರೆದುಕೊಂಡಿತು. ಮೇಲೆ ನಗ್ಲಾಳ ಹೆಸರು, ಕೆಳಗೆ ಪಾಸ್‌ವರ್ಡಿನ ಖಾಲಿ ಜಾಗ. ಎಲ್ಲರಿಗೂ ಬಾಯಿಪಾಠವಾಗಿದ್ದ ಹಳೆಯ ಪಾಸ್‌ವರ್ಡ್ ಹಾಕಿದ. ತಪ್ಪು ಎಂದಿತು. ಇನ್ನೊಮ್ಮೆ ಹಾಕಿದ.

"ಬೆಳಗ್ಗೆನೇ ಬದಲಾಯಿಸಿದಾಳೆ," ಎಂದ ಅಮ್ಮ್ ಬಯೂಮಿ ಸ್ಟೂಲಿನಿಂದ. "ನಾನ್ ಕೇಳ್ದೆ, ಏನಮ್ಮ ಇಷ್ಟ್ ಬೇಗ ಬಂದೆ ಅಂತ. ಬಾಗಿಲಿಗೆ ಚಿಲಕ ಹಾಕ್ತಿದೀನಿ ಅಂದ್ಳು."

ಫೋನು ಮಾಡಿದರೆ ಕತ್ತರಿಸಿದಳು. ಗಾಜಿನ ಹಿಂದೆ ಮಮ್ದೂಹ್ ಕೈಗಡಿಯಾರ ತಟ್ಟಿ ತೋರಿಸಿದ. ವಗ್ದಿ ವಿಷಯ ಹೇಳಿದಾಗ ಮಮ್ದೂಹ್ ಮುಖವೆತ್ತದೆ, "ಹಾಗಾದ್ರೆ ಹೋಗಿ ಕೇಳು. ಇಷ್ಟ್ ಹೊತ್ತಿಗೆ ಬಸ್ ಸಿಕ್ಕಿರಲ್ಲ," ಎಂದ, ಅಂಗಡಿಗೆ ಕಳಿಸುವವನ ಹಾಗೆ.

ಬಸ್ಸು ಸಿಕ್ಕಿರಲಿಲ್ಲ. ಮೇಲ್ಸೇತುವೆಯ ಕೆಳಗೆ ಜನ ಮೈಕ್ರೊಬಸ್ಸು ನಿಲ್ಲುವ ಮೊದಲೇ ಬಾಗಿಲಿಗೆ ಜೋತುಬೀಳುತ್ತಿದ್ದರು. ಪ್ಲಾಸ್ಟಿಕ್ ಚೀಲಗಳಲ್ಲಿ ಸೋಬಿಯಾ ಪಾನಕ ಕಟ್ಟಿ ತೂಗುಹಾಕಿದವನ ಗಾಡಿಯ ಪಕ್ಕ ನಗ್ಲಾ ಚಪ್ಪಲಿಯ ಚೀಲ ಎದೆಗೊತ್ತಿಕೊಂಡು ನಿಂತಿದ್ದಳು. ಅವನನ್ನು ಕಂಡು ಆಶ್ಚರ್ಯಪಡಲಿಲ್ಲ.

"ಪಾಸ್‌ವರ್ಡ್," ಎಂದಳು, ಅವನು ಬಾಯಿ ತೆರೆಯುವ ಮೊದಲೇ.

"ನಾನ್ ಹೇಳ್ದೆ ಅವರಿಗೆ. ನಾನೇ ಮಾಡಿದ್ದು ಅಂತ. ಈಗಷ್ಟೇ."

"ಏನಂದ್ರು?"

"ಗೊತ್ತು ಅಂದ್ರು."

"ಎಲ್ರಿಗೂ ಗೊತ್ತು. ಅಮ್ಮ್ ಬಯೂಮಿಗೂ ಗೊತ್ತು. ಆವತ್ತು ಕಡೇಲಿ ಕೂತಿದ್ದು ನೀನು ಅಂತ ನಾನ್ ಕಿಟಕಿ ಹತ್ರ ನಿಂತು ನೋಡಿಲ್ವಾ?" ನೀನು ಎಂದಿದ್ದಳು. ಅವಳಿಗೆ ಅದರ ಪರಿವೆಯಿರಲಿಲ್ಲ. "ನಾನ್ ಚಪ್ಪಲಿ ತುಂಬ್ಕೊಳ್ಳೋ ತನಕ ನೀನು ಕಾಲು ಕೂಡ ಸರಿಸದೆ ಕೂತಿದ್ದೆ. ನಾನ್ ಇಳಿದ್ ಮೇಲೆ ಎದ್ದು ಹೋಗಿ ಹೇಳ್ದೆ. ಇನ್ನೇನೂ ಬದಲಾಗಲ್ಲ ಅಂತ ಖಾತ್ರಿ ಮಾಡ್ಕೊಂಡು ಹೇಳ್ದೆ."

ಸೋಬಿಯಾದವನು ಕೇಳಿಸಿಕೊಳ್ಳುತ್ತಿದ್ದ, ಅವನಿಗೆ ಮಜಾ ಬರುತ್ತಿತ್ತು. "ಅದಕ್ಕೇನ್ ಮಾಡು ಅಂತೀಯ ಈಗ?" ಎಂದ ವಗ್ದಿ ಸಿಟ್ಟಿನಿಂದ. "ಇಲ್ಲಿ ನಿನ್ ಕಾಲಿಗೆ ಬೀಳ್ಳಾ?"

"ಬಿದ್ರೆ ದಾಟ್ಕೊಂಡು ಹೋಗ್ತೀನಿ. ಆ ಹಾಳು ಸಾಲುಗಳು ಇನ್ನೂ ನನ್ ಹೆಸರಲ್ಲಿ ಮುಗಿದಿದೆ ಅಂತ ಕೂತಿದಾವೆ. ಅವನ್ನ ತೆಗೀದೆ ನನಗೂ ನಿದ್ದೆ ಬರಲ್ಲ." ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದಳು. "ಪಾಸ್‌ವರ್ಡ್ ಕೊಡಲ್ಲ. ನಾನೇ ಬಂದು ಹಾಕ್ತೀನಿ. ನಡಿ."

ಮೆಟ್ಟಿಲು ಹತ್ತುವಾಗ ಅವಳು ಮುಂದೆ, ಅವನು ಹಿಂದೆ. ಮಮ್ದೂಹ್ ಆಗಲೇ ಕರೆಯಲ್ಲಿದ್ದ. ಗಾಜಿನಾಚೆಯಿಂದ ಅವಳನ್ನು ಕಂಡು, ಎದೆಯ ಮೇಲೆ ಅಂಗೈಯಿಟ್ಟು ಕೃತಜ್ಞತೆ ಸೂಚಿಸಿದ. ಅವಳು ಕೂತಳು. ಈಗ ಮೇಜಿನ ಮೂಲೆಗೆ ಆನಿಕೊಂಡು ನಿಂತವನು ವಗ್ದಿ. ಅವಳು ಎಡಗೈಯನ್ನು ಗುಡಿಸಲಿನ ಹಾಗೆ ಮಾಡಿ ಬಲಗೈಯಿಂದ ಪಾಸ್‌ವರ್ಡ್ ಒತ್ತಿದಳು. ಅವನ ಕಣ್ಣು ಅತ್ತ ಹೋಯಿತು. "ನೋಡ್ಬೇಡ," ಎಂದಳು. ಅವನು ಗೋಡೆ ನೋಡಿದ. ನೋಡುವ ಉದ್ದೇಶವೇನೂ ಅವನಿಗಿರಲಿಲ್ಲ. ಆದರೆ ಗೋಡೆ ನೋಡುತ್ತ ನಿಂತ ಮೇಲೆ ಕಳ್ಳನೇ ಆದ.

ಶೀಟು ತುಂಬಿತು. ಅವಳು ಅಡಗಿದ್ದ ಸಾಲುಗಳನ್ನೆಲ್ಲ ಬಿಡಿಸಿದಳು. ಪೈಪಿನವು ಒಂದರ ಕೆಳಗೊಂದು ಮೇಲೆದ್ದವು. 'ಬಾಕಿ' ಎಂದು ಬರೆದು, ಎಳೆಯದೆ, ಒಂದೊಂದಾಗಿ ನೋಡಿ ನೋಡಿ ಬದಲಾಯಿಸಿದಳು. ಹೈಥಮ್ ಕೀ ಆಡಿಸುವುದನ್ನು ನಿಲ್ಲಿಸಿ ಹತ್ತಿರ ಬಂದ. ಕಡೆಗೆ ಅವಳು ಬಲಗಡೆಯ ಟಿಪ್ಪಣಿಯ ಕಾಲಮಿಗೆ ಹೋಗಿ, ಮೊದಲ ಸಾಲಿನಲ್ಲಿ ಬರೆಯಲು ಶುರುಮಾಡಿದಳು. ನಿಧಾನವಾಗಿ, ತಪ್ಪಿಲ್ಲದೆ ಬರೆದಳು. ಈ ಪರೀಕ್ಷೆ ನಡೆದಿಲ್ಲ. ಗುರುವಾರ ಇದನ್ನು ಮುಗಿದಿದೆ ಎಂದು ಮಾಡಿದ್ದು ವಗ್ದಿ ಅಬ್ದುಸ್ಸಮೀ, ನನ್ನ ಲಾಗಿನ್ನಿಂದ, ಕೈತಪ್ಪಿ. ಈ ಕಚೇರಿಯಲ್ಲಿ ಎಲ್ಲರಿಗೂ ಇರುವುದು ಇದೊಂದೇ ಲಾಗಿನ್. ಬರೆದು, ಮೂಲೆ ಹಿಡಿದು, ಇದನ್ನು ಮಾತ್ರ ಕೆಳಗಿನ ತನಕ ಎಳೆದಳು. ಅವನ ಹೆಸರು ಪೈಪಿನ ಉದ್ದಕ್ಕೂ ಇಳಿಯಿತು.

"ಹುಚ್ಚಾ ನಿನಗೆ?" ಎಂದ ಹೈಥಮ್. ಗಾಜಿನ ಕಡೆ ನೋಡಿದ, ಹೋಗಿ ಹೇಳಲೋ ಬೇಡವೋ ಎಂದು ಕಾಲು ಬದಲಾಯಿಸಿದ, ನಂತರ ತಾನಿಲ್ಲಿ ಇರಲೇ ಇಲ್ಲ ಅನ್ನುವ ಹಾಗೆ ಮೆಲ್ಲಮೆಲ್ಲನೆ ಹೆಜ್ಜೆಯಿಟ್ಟು ಬಾಗಿಲ ಕಡೆಗೆ ಹೊರಟುಹೋದ.

ನಗ್ಲಾ ಕುರ್ಚಿ ಹಿಂದೆ ತಳ್ಳಿ ಎದ್ದಳು. "ಒತ್ತು."

"ನೀನೇ ಒತ್ತಬಹುದಲ್ಲ."

"ಒತ್ತಬಹುದು. ಆವತ್ತು ಒತ್ತಿದ್ದು ನೀನು. ನನಗೆ ಅಭ್ಯಾಸ ಇಲ್ಲ." ಅವಳು ಕಿಟಕಿಯ ಹತ್ತಿರ ಹೋಗಿ ನಿಂತಳು. "ಅಳಿಸಿಯಾದ್ರೂ ಒತ್ತು. ಏನಾದ್ರೂ ಒಂದ್ ಮಾಡು."

ಅಳಿಸುವುದು ಸುಲಭ. ಕಾಲಮಿನ ತಲೆ ಆರಿಸಿ ಒಂದು ಕೀಲಿ. ಸಾಲುಗಳು ಬಾಕಿಯಾಗುತ್ತವೆ, ಪೈಪನ್ನು ಅಗೆದು ಪರೀಕ್ಷೆ ಮಾಡುತ್ತಾರೆ, ನೀರು ಬರುತ್ತದೆ, ಇವಳು ಹೇಗೂ ಹೋದವಳು. ಅವನ ಬೆರಳು ಆ ಕೀಲಿಯ ಮೇಲೆ ಹೋಗಿ ನಿಂತೂ ನಿಂತಿತು. ಒಳ್ಳೆಯತನವೇನಾದರೂ ಬಂದು ತಡೆಯುತ್ತದೆಯೋ ಎಂದು ಕಾದ. ಏನೂ ಬರಲಿಲ್ಲ. ಗುದ್ದಲಿ ಊರಿ ನಿಂತವನ ಮುಖ ನೆನಪಾಯಿತು, ಅದು ಅವನನ್ನು ಅಲುಗಿಸಲಿಲ್ಲ. ಕಿಟಕಿಯ ಬಳಿ ನಿಂತವಳ ಬೆನ್ನೂ ಅಲುಗಿಸಲಿಲ್ಲ, ಅವಳನ್ನು ಅವನು ಈಗಲೂ ಸಹಿಸುತ್ತಿರಲಿಲ್ಲ. ಆದರೆ ಗಾಜಿನಾಚೆ ಮಮ್ದೂಹ್ ಕಾಲ ಮೇಲೆ ಕಾಲು ಹಾಕಿ, ಫೋನಿಗೆ ತಲೆದೂಗುತ್ತ, ಬಿಡುವಾಗಿದ್ದ ಕೈಯಿಂದ ತನ್ನದೇ ಮಂಡಿಯನ್ನು ಮೆಲ್ಲಗೆ ತಟ್ಟಿಕೊಳ್ಳುತ್ತಿದ್ದ. ಅದೇ ಕೈ, ಅದೇ ತಟ್ಟು. ವಗ್ದಿಯೊಳಗೆ ಎದ್ದದ್ದು ಅಪ್ಪಟ ದ್ವೇಷ. ಅದಕ್ಕೆ ಬೇರೆ ಹೆಸರು ಕೊಡುವಷ್ಟು ನಾಚಿಕೆಗೇಡಿ ಅವನಲ್ಲ. ಬೆರಳನ್ನು ಸರಿಸಿ ಪಬ್ಲಿಷ್ ಒತ್ತಿದ.

ಹಸಿರು ಪಟ್ಟಿ ಓಡಿ ಮುಗಿಯಿತು. ನಗ್ಲಾ ಬಂದು ನೋಡಿದಳು. ಲಾಗಿನ್ನಿನಿಂದ ಹೊರಬಂದು, ಚೀಲ ಎತ್ತಿಕೊಂಡಳು.

ಮಮ್ದೂಹ್ ಬಾಗಿಲು ಅರ್ಧ ತೆರೆದು, ಫೋನಿನ ಮೇಲೆ ಅಂಗೈ ಮುಚ್ಚಿ ಇಣುಕಿದ. "ಆಯ್ತಾ? ಎಲ್ಲಾ ಬಾಕಿ ಆಯ್ತಾ?"

"ಎಲ್ಲಾ ಆಯ್ತು," ಎಂದ ವಗ್ದಿ. "ಏನಾಯ್ತು ಅಂತಾನೂ ಬರೆದಿದೆ."

"ಒಳ್ಳೇದಾಯ್ತು, ಒಳ್ಳೇದಾಯ್ತು." ಬಾಗಿಲು ಮುಚ್ಚಿತು. ಮಮ್ದೂಹ್ ಕುರ್ಚಿಗೆ ವಾಪಸಾಗಿ, ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿ, ಆ ಕಡೆಯವರಿಗೆ ಏನೋ ಹೇಳುತ್ತ ಎರಡೂ ಕೈ ಬಿಡಿಸಿದ, ಬನ್ನಿ, ನೋಡಿ ಎನ್ನುವವನ ಹಾಗೆ. ತಾನೂ ನೋಡಲೆಂದು, ಅವರು ತನ್ನ ಕಂಪ್ಯೂಟರಿನಲ್ಲಿ ತೋರಿಸುತ್ತಿದ್ದ ಟ್ರ್ಯಾಕರಿನತ್ತ ಕುರ್ಚಿ ತಿರುಗಿಸಿ, ಕನ್ನಡಕ ಹಾಕಿಕೊಂಡ. ನಗ್ಲಾ ಹೋಗಲಿಲ್ಲ. ಹೊರಡಲು ಎತ್ತಿದ ಚೀಲ ಕೈಯಲ್ಲೇ ಇತ್ತು. ಇಬ್ಬರೂ ಅಕ್ಕಪಕ್ಕ ನಿಂತು, ಒಬ್ಬರನ್ನೊಬ್ಬರು ನೋಡದೆ, ಗಾಜಿನೊಳಗೆ ನೋಡಿದರು. ಮಮ್ದೂಹನ ತುಟಿ ಇನ್ನೂ ನಗುತ್ತ ಮಾತಾಡುತ್ತಿತ್ತು. ಕಣ್ಣು ಮಾತ್ರ ಮೊದಲ ಸಾಲಿನಿಂದ ಎರಡನೆಯದಕ್ಕೆ, ಎರಡರಿಂದ ಮೂರಕ್ಕೆ ಇಳಿಯತೊಡಗಿತ್ತು.